ಹಾಸ್ಟೆಲ್ ಗೆಳತಿಯರು ಕೇಳುವ ಪ್ರಶ್ನೆಗಳಿಗೆ ಏನು ಹೇಳಲಿ?

ಪ್ರಶ್ನೆ: ಸರ್, ನಾನು ಮುಧೋಳ ಕಡೆಯವಳು. ವಿಜಯಪುರದಲ್ಲಿ ನರ್ಸಿಂಗ್ ಓದುತ್ತಿದ್ದೇನೆ. ಅಜ್ಜನ ಕಾಲದಿಂದ ನಾವು ಕ್ರೈಸ್ತರು. ಹಾಸ್ಟೆಲ್ ಗೆಳತಿಯರು ಒಳ್ಳೆಯವರೇ, ಆದರೆ ರಾತ್ರಿ ಊಟ ಮುಗಿಸಿ ಕೂತರೆ ಪ್ರಶ್ನೆ ಶುರುವಾಗುತ್ತದೆ. ಯೇಸು ಅನ್ನುವವನು ನಿಜವಾಗಿ ಇದ್ದನಾ? ಇದ್ದರೂ ಕಾಶ್ಮೀರಕ್ಕೆ ಬಂದು ಸತ್ತನಂತಲ್ಲ? ನಿಮ್ಮ ಬೈಬಲನ್ನು ತಿದ್ದಿದ್ದಾರೆ. ಅದು ಬ್ರಿಟಿಷರು ತಂದ ಧರ್ಮ, ನಿಮ್ಮಜ್ಜ ಅಕ್ಕಿ ಮೂಟೆಗೆ ಸೇರಿರಬೇಕು. ಎಲ್ಲ ದಾರಿಯೂ ಒಂದೇ ಕಡೆ ಹೋಗುತ್ತವೆ, ನೀವು ಮಾತ್ರ ಯಾಕೆ ನಮ್ಮದೇ ದಾರಿ ಅಂತೀರಿ? ದೇವರು ಒಳ್ಳೆಯವನಾದರೆ ವಾರ್ಡಿನಲ್ಲಿ ಮಕ್ಕಳು ಯಾಕೆ ಸಾಯುತ್ತವೆ? ನನಗೆ ಉತ್ತರ ಗೊತ್ತಾಗದೆ ಸುಮ್ಮನಾಗುತ್ತೇನೆ. ಆಮೇಲೆ ನನಗೇ ಅನುಮಾನ ಬರುತ್ತದೆ. ಡ್ಯೂಟಿಯಲ್ಲಿ ರೋಗಿಗಳೂ ಕೊರಳಿನ ಶಿಲುಬೆ ನೋಡಿ ಕೇಳುತ್ತಾರೆ. ಅವರಿಗೆ ಹೇಳಬಹುದಾ?

ಉತ್ತರ: ತಂಗಿ, ಅನುಮಾನ ಬಂತು ಅಂತ ಮೊದಲು ಹೆದರಬೇಡಿ. ನಾನು ಬೆಳಗಾವಿಯಲ್ಲಿ ಬೈಬಲ್ ಪಾಠ ಹೇಳುತ್ತೇನೆ. ಇದೇ ಪ್ರಶ್ನೆ ಹಿಡಿದುಕೊಂಡು ಬರುವವರಲ್ಲಿ ಹೊರಗಿನವರಿಗಿಂತ ನಮ್ಮ ಚರ್ಚ್ ಸಭೆಗಳ ಹುಡುಗ ಹುಡುಗಿಯರೇ ಜಾಸ್ತಿ. ಮನೆಯಲ್ಲಿ ಕೇಳಿದರೆ "ಹಂಗೆಲ್ಲಾ ಕೇಳಬಾರದು, ಪ್ರಾರ್ಥನೆ ಮಾಡು" ಅನ್ನುತ್ತಾರಂತೆ. ಹಾಗೆ ಬಾಯಿ ಮುಚ್ಚಿಸುವುದು ತಪ್ಪು. ಗಾಯ ಮುಟ್ಟಿ ನೋಡದೆ ನಂಬೋದಿಲ್ಲ ಅಂದ ಶಿಷ್ಯ ತೋಮನನ್ನು ಯೇಸು ಸ್ವಾಮಿ ಹೊರಗೆ ಹಾಕಲಿಲ್ಲ. ಕೈ ಚಾಚು ಅಂದರು.

ನಿಮ್ಮ ಗೆಳತಿಯರ ಪ್ರಶ್ನೆಗಳು ಎಲ್ಲವೂ ಒಂದೇ ತರಹದವಲ್ಲ. ಕೆಲವು ಇತಿಹಾಸದವು, ಅವಕ್ಕೆ ಸಾಕ್ಷಿ ಇಟ್ಟು ಉತ್ತರ ಹೇಳಬಹುದು. ಇನ್ನೊಂದು ಆರೋಪ, ಅದರಲ್ಲಿ ನಿಜ ಇದ್ದಷ್ಟನ್ನು ಒಪ್ಪಿಕೊಳ್ಳಬೇಕು. ಕೊನೆಯದು ನೋವು, ಅಲ್ಲಿ ವಾದಕ್ಕೆ ಇಳಿಯಬಾರದು. ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ, ಅದನ್ನು ನಿಮ್ಮ ಗೆಳತಿಯರು ಇನ್ನೂ ಕೇಳೇ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಯೇಸು ಇದ್ದರೋ ಇಲ್ಲವೋ ಅನ್ನುವುದನ್ನು ಬೇಗ ಮುಗಿಸೋಣ. ಟ್ಯಾಸಿಟಸ್ ಅನ್ನುವ ರೋಮನ್ ಇತಿಹಾಸಕಾರನಿಗೆ ಕ್ರೈಸ್ತರನ್ನು ಕಂಡರೆ ಆಗುತ್ತಿರಲಿಲ್ಲ. ಅಂಥವನೇ ಸುಮಾರು ಕ್ರಿ.ಶ. 116ರಲ್ಲಿ, ತಿಬೇರಿಯಸ್ ಚಕ್ರವರ್ತಿಯ ಕಾಲದಲ್ಲಿ ರೋಮನ್ ಅಧಿಕಾರಿ ಪೊಂತ್ಯ ಪಿಲಾತನ ಕೈಯಲ್ಲಿ ಕ್ರಿಸ್ತನಿಗೆ ಮರಣದಂಡನೆ ಆಯಿತು ಅಂತ ಬರೆದಿಟ್ಟಿದ್ದಾನೆ. ಅವನಿಗಿಂತ ಇಪ್ಪತ್ತು ವರ್ಷ ಮೊದಲು ಬರೆದ ಯೆಹೂದಿ ಇತಿಹಾಸಕಾರ ಜೋಸೆಫಸ್, "ಕ್ರಿಸ್ತ ಅನ್ನಿಸಿಕೊಂಡ ಯೇಸುವಿನ ತಮ್ಮ ಯಾಕೋಬ"ನನ್ನು ಕೊಂದ ಸಂಗತಿ ಹೇಳುತ್ತಾನೆ. ಜೋಸೆಫಸನ ಇನ್ನೊಂದು ದೊಡ್ಡ ಭಾಗವನ್ನು ನಮ್ಮವರು ತುಂಬಾ ಉತ್ಸಾಹದಿಂದ ಹಂಚುತ್ತಾರೆ, ಆದರೆ ಅದರಲ್ಲಿ ನಕಲು ಬರೆದ ಕ್ರೈಸ್ತರು ತಮ್ಮ ಮಾತು ಸೇರಿಸಿದ್ದಾರೆ ಅಂತ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ, ಅದನ್ನು ನೀವು ಬಳಸಬೇಡಿ. ಪಿಲಾತನ ಹೆಸರು ಕೆತ್ತಿದ ಕಲ್ಲು 1961ರಲ್ಲಿ ಇಸ್ರೇಲಿನ ಕೈಸರೈಯದಲ್ಲಿ ಸಿಕ್ಕಿತು. ದೇವರನ್ನು ನಂಬದ ಇತಿಹಾಸಕಾರರು ಕೂಡ ಯೇಸು ಇದ್ದರು, ಶಿಲುಬೆಯಲ್ಲಿ ಸತ್ತರು ಅನ್ನುವುದರ ಬಗ್ಗೆ ತಕರಾರು ತೆಗೆಯುವುದು ತೀರಾ ಅಪರೂಪ.

ಕಾಶ್ಮೀರದ ಕಥೆ ವಾಟ್ಸಾಪ್‌ನಲ್ಲಿ ವರ್ಷಕ್ಕೊಮ್ಮೆ ಸುತ್ತುತ್ತದೆ. ಅದರಲ್ಲಿ ಎರಡು ಕಥೆ ಬೆರೆತಿವೆ. ಲಡಾಖಿನ ಹೆಮಿಸ್ ಮಠದಲ್ಲಿ ಯೇಸುವಿನ ಭಾರತ ಪ್ರವಾಸದ ಗ್ರಂಥ ನೋಡಿದೆ ಅಂತ ನಿಕೊಲಾಸ್ ನೊಟೊವಿಚ್ ಅನ್ನುವ ರಷ್ಯನ್ 1894ರಲ್ಲಿ ಪುಸ್ತಕ ಹಾಕಿದ. ಮರುವರ್ಷವೇ ಆಗ್ರಾದ ಕಾಲೇಜಿನ ಪ್ರೊಫೆಸರ್ ಡಗ್ಲಸ್ ಆ ಮಠಕ್ಕೆ ಹೋಗಿ ಕೇಳಿದರು. ಅಲ್ಲಿನ ಹಿರಿಯ ಲಾಮಾ, ಅಂಥ ಗ್ರಂಥವೇ ನಮ್ಮಲ್ಲಿಲ್ಲ ಅಂದರು. ಶ್ರೀನಗರದ ರೋಜಾಬಲ್ ಗೋರಿ ಯೇಸುವಿನದು ಅನ್ನುವ ಮಾತನ್ನು ಅಹ್ಮದಿಯಾ ಪಂಥದ ಮಿರ್ಜಾ ಗುಲಾಂ ಅಹ್ಮದರು 19ನೇ ಶತಮಾನದ ಕೊನೆಗೆ ಹಬ್ಬಿಸಿದರು. ಒಟ್ಟಿನಲ್ಲಿ ಸುಮಾರು 1,900 ವರ್ಷ ಆದಮೇಲೆ ಹುಟ್ಟಿದ ಮಾತು. ಇದಕ್ಕೆ ಇದಕ್ಕಿಂತ ಜಾಸ್ತಿ ಹೊತ್ತು ಕೊಡಬೇಡಿ.

ಬೈಬಲ್ ತಿದ್ದಿದ್ದಾರೆ ಅನ್ನುವ ಪ್ರಶ್ನೆಗೆ ಮಾತ್ರ ಪೂರ್ತಿ ಸಮಯ ಕೊಡಬೇಕು, ಯಾಕಂದರೆ ಕೇಳುವವರು ಪ್ರಾಮಾಣಿಕವಾಗಿ ಕೇಳುತ್ತಾರೆ ಮತ್ತು ನಮ್ಮ ಜನ ಇದಕ್ಕೆ ಕೊಡುವ ಉತ್ತರ ಬಹಳ ಸಲ ಸುಳ್ಳು. "ಒಂದಕ್ಷರವೂ ಬದಲಾಗಿಲ್ಲ" ಅಂತ ಕೆಲವು ಪಾಸ್ಟರುಗಳು ವೇದಿಕೆಯಿಂದ ಹೇಳುತ್ತಾರೆ. ಹಾಗಲ್ಲ. ಅಚ್ಚು ಬರುವ ತನಕ ಎಲ್ಲವನ್ನೂ ಕೈಯಲ್ಲೇ ನಕಲು ಮಾಡಬೇಕಿತ್ತು, ಕೈಯಲ್ಲಿ ಬರೆದರೆ ತಪ್ಪು ಬಂದೇ ಬರುತ್ತದೆ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳೇ ಐದು ಸಾವಿರಕ್ಕಿಂತ ಜಾಸ್ತಿ ಇವೆ, ಅವುಗಳ ನಡುವೆ ಪಾಠಭೇದಗಳು, ಅಂದರೆ ಪ್ರತಿಯಿಂದ ಪ್ರತಿಗೆ ಇರುವ ವ್ಯತ್ಯಾಸಗಳು, ಲಕ್ಷಗಟ್ಟಲೆ. ಅದರಲ್ಲಿ ಬಹುಪಾಲು ಕಾಗುಣಿತ, ಪದದ ಹಿಂದುಮುಂದು, ಬಿಟ್ಟುಹೋದ ಒಂದು ಸಾಲು, ಇಷ್ಟೇ. ದೊಡ್ಡವು ಎರಡು. ಮಾರ್ಕನ ಸುವಾರ್ತೆಯ (ಯೇಸುವಿನ ಜೀವನ ಹೇಳುವ ನಾಲ್ಕು ಪುಸ್ತಕಗಳಲ್ಲಿ ಒಂದು) ಕೊನೆ 12 ವಚನ, ಮತ್ತು ಯೋಹಾನನ ಸುವಾರ್ತೆಯಲ್ಲಿ ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕಥೆಯ 12 ವಚನ. ನಮಗೆ ಸಿಕ್ಕಿರುವ ಅತಿ ಹಳೆಯ ಪ್ರತಿಗಳಲ್ಲಿ ಇವೆರಡೂ ಇಲ್ಲ. ಇದನ್ನು ಯಾರೂ ಮುಚ್ಚಿಟ್ಟಿಲ್ಲ, ಎಷ್ಟೋ ಬೈಬಲ್‌ಗಳಲ್ಲಿ ಆ ಭಾಗವನ್ನು ಕಂಸದೊಳಗೆ ಹಾಕಿ ಕೆಳಗೆ ಟಿಪ್ಪಣಿ ಕೊಟ್ಟಿರುತ್ತಾರೆ.

ತಪ್ಪು ಇದೆ ಅಂತ ಗೊತ್ತಾಗುವುದೇ ಪ್ರತಿಗಳು ಅಷ್ಟೊಂದು ಇರುವುದರಿಂದ ಅಲ್ವಾ? ಒಂದೇ ಪ್ರತಿ ಇದ್ದಿದ್ದರೆ ಯಾರು ಏನು ತಿದ್ದಿದರೂ ತಿಳಿಯುತ್ತಿರಲಿಲ್ಲ. ಈಜಿಪ್ಟಿನಲ್ಲಿ ಬರೆದದ್ದು, ಸಿರಿಯಾದಲ್ಲಿ ಬರೆದದ್ದು, ರೋಮಿನಲ್ಲಿ ಬರೆದದ್ದು ಬೇರೆ ಬೇರೆ ಕೈಗಳಲ್ಲಿ ಹರಡಿಹೋಗಿದ್ದವು. ಎಲ್ಲವನ್ನೂ ಒಂದೇ ಕಡೆ ತರಿಸಿ ತಿದ್ದುವಷ್ಟು ಅಧಿಕಾರ ಮೊದಲ ಮುನ್ನೂರು ವರ್ಷ ಯಾರಿಗೂ ಇರಲಿಲ್ಲ, ಆಗ ನಮ್ಮವರು ಜೈಲಿಗೆ ಹೋಗುವ ಕಡೆಯವರೇ ಹೊರತು ಹಾಕುವ ಕಡೆಯವರಲ್ಲ. ಈ ಕೆಲಸ ಹೇಗೆ ನಡೆಯುತ್ತದೆ ಅಂತ ಗೆಳತಿಯರಿಗೆ ತಿಳಿಸಬೇಕಾದರೆ ನೀವು ಓದುತ್ತಿರುವ ಊರಿನವರನ್ನೇ ನೆನೆಸಿ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆ ಮನೆ, ಮಠ ಮಠ ತಿರುಗಿ ತಾಳೆಗರಿ ಕೂಡಿಸಿ, ಓದಿ, ಹೊಂದಿಸಿ 1923ರಲ್ಲಿ ವಚನಶಾಸ್ತ್ರಸಾರ ಹೊರತಂದರು. ಆಮೇಲೆ ಬಂದ ವಿದ್ವಾಂಸರು ಇನ್ನಷ್ಟು ಪ್ರತಿ ಇಟ್ಟುಕೊಂಡು ಪಾಠ ಪರಿಷ್ಕರಿಸಿದರು. ತಾಳೆಗರಿಗಳಲ್ಲಿ ಭೇದ ಇದೆ ಅಂತ ಬಸವಣ್ಣನವರ ವಚನವೇ ಸುಳ್ಳು ಅಂತ ಯಾರೂ ಹೇಳುವುದಿಲ್ಲ.

ಒಂದು ಚೂರಿನ ವಿಷಯ ಹೇಳಲೇಬೇಕು, ನನಗೆ ಬಹಳ ಇಷ್ಟದ್ದು. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಜಾನ್ ರೈಲೆಂಡ್ಸ್ ಲೈಬ್ರರಿಯಲ್ಲಿ ಒಂದು ಪಪೈರಸ್ (ಜೊಂಡಿನಿಂದ ಮಾಡಿದ ಹಳೆಯ ಕಾಲದ ಕಾಗದ) ತುಂಡು ಇದೆ. ಸುಮಾರು 9 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ, ಅಂಗೈಯಲ್ಲಿ ಹಿಡಿಸುತ್ತದೆ, ಅಂಚೆಲ್ಲ ಹರಿದಿದೆ. ಈಜಿಪ್ಟಿನಲ್ಲಿ 1920ರಲ್ಲಿ ಕೊಂಡು ತಂದದ್ದು. ಎಷ್ಟೋ ವರ್ಷ ಬೇರೆ ತುಂಡುಗಳ ನಡುವೆ ಹಾಗೇ ಬಿದ್ದಿತ್ತು. ಅದರಲ್ಲಿರುವುದು ಯೋಹಾನ 18ನೇ ಅಧ್ಯಾಯ ಅಂತ ರಾಬರ್ಟ್ಸ್ ಅನ್ನುವ ವಿದ್ವಾಂಸರು ಗುರುತಿಸಿ 1935ರಲ್ಲಿ ಪ್ರಕಟಿಸಿದರು. ಎರಡೂ ಬದಿ ಬರೆದಿದೆ, ಅಂದರೆ ಅದು ಸುರುಳಿಯ ತುಂಡಲ್ಲ, ಪುಸ್ತಕದ ಹಾಳೆ. ಎರಡನೇ ಶತಮಾನದ್ದು ಅಂತ ಹೆಚ್ಚಿನವರ ಅಭಿಪ್ರಾಯ, ಕೆಲವರು ಇನ್ನೂ ಸ್ವಲ್ಪ ಈಚೆಗೆ ತರುತ್ತಾರೆ. ಪಿಲಾತನ ಮುಂದೆ ಯೇಸು ಸ್ವಾಮಿಯ ವಿಚಾರಣೆ ನಡೆಯುವ ಸಾಲುಗಳು ಅವು. ನಿಮ್ಮ ಸತ್ಯವೇದದಲ್ಲಿ, ಅಂದರೆ ಕನ್ನಡ ಬೈಬಲಿನಲ್ಲಿ, ಆ ಅಧ್ಯಾಯದ 31ರಿಂದ 33, ಆಮೇಲೆ 37, 38ನೇ ವಚನ ತೆಗೆದು ಓದಿ. ಆ ತುಂಡಿನಲ್ಲಿ ಉಳಿದಿರುವ ಪದಗಳು ಅಲ್ಲೇ ಇವೆ.

ನಿಮ್ಮ ರೂಮಿನಲ್ಲಿ ಮುಸ್ಲಿಂ ಗೆಳತಿ ಇದ್ದರೆ ಈ ಪ್ರಶ್ನೆ ಆಕೆಯಿಂದಲೇ ಬಂದಿರಬಹುದು, ವಿಜಯಪುರದಲ್ಲಿ ಅದು ಸಹಜ. ಆಕೆಗೆ ಗೌರವದಿಂದ ಒಂದು ಸಂಗತಿ ಹೇಳಿ. ಸಿನಾಯ್ ಪ್ರತಿ, ವ್ಯಾಟಿಕನ್ ಪ್ರತಿ ಅಂತ ಹೆಸರಾದ ಎರಡು ದೊಡ್ಡ ಗ್ರೀಕ್ ಬೈಬಲ್‌ಗಳು 4ನೇ ಶತಮಾನದವು, ಪ್ರವಾದಿ ಮುಹಮ್ಮದರು ಹುಟ್ಟುವ ಇನ್ನೂರು ವರ್ಷ ಮೊದಲಿನವು. ಅವುಗಳಲ್ಲೂ ಯೇಸು ಶಿಲುಬೆಯಲ್ಲಿ ಸತ್ತರು ಅಂತಲೇ ಇದೆ. ಕುರ್‌ಆನ್ ಬೇರೆ ಹೇಳುತ್ತದೆ ಅನ್ನುವುದು ನಮ್ಮಿಬ್ಬರ ನಡುವಿನ ನಿಜವಾದ ಭೇದ. ಅದನ್ನು ಭೇದ ಅಂತಲೇ ಒಪ್ಪಿಕೊಂಡು ಗೆಳತಿಯರಾಗಿ ಇರಬಹುದು.

ಇನ್ನು ಪರದೇಶದ ಧರ್ಮ, ಅಕ್ಕಿ ಮೂಟೆ. ಇಲ್ಲಿ ನಾವು ಬಾಯಿ ಬಿಡುವ ಮೊದಲು ಕೆಲವು ವಿಷಯ ಒಪ್ಪಬೇಕು. ಆದಿಲ್‌ಶಾಹಿಗಳಿಂದ ಗೋವಾ ಕಸಿದುಕೊಂಡ ಪೋರ್ಚುಗೀಸರು 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್ ಅನ್ನುವ ಧರ್ಮವಿಚಾರಣೆಯ ನ್ಯಾಯಾಲಯ ಹಾಕಿದರು. ನಡುವೆ ಸ್ವಲ್ಪ ವರ್ಷ ಬಿಟ್ಟರೆ 1812ರವರೆಗೆ ಅದು ನಡೆಯಿತು. ಕ್ರೈಸ್ತರಾದ ಮೇಲೂ ಮನೆಯಲ್ಲಿ ಹಳೆಯ ಪದ್ಧತಿ ಇಟ್ಟುಕೊಂಡವರನ್ನು ಹಿಡಿದು ಶಿಕ್ಷೆ ಕೊಟ್ಟರು, ದೇವಸ್ಥಾನ ಕೆಡವಿದರು, ಎಷ್ಟೋ ಕೊಂಕಣಿ ಕುಟುಂಬಗಳು ಊರು ಬಿಟ್ಟು ದಕ್ಷಿಣಕ್ಕೆ ಓಡಿದವು. ಇದು ಯೇಸು ಸ್ವಾಮಿಯ ಹೆಸರಿನಲ್ಲಿ ಮಾಡಿದ ಪಾಪ. ಇದಕ್ಕೆ "ಆದರೆ" ಅಂತ ಶುರುವಾಗುವ ಯಾವ ಮಾತನ್ನೂ ಸೇರಿಸಬೇಡಿ. ನಮ್ಮ ಬೆಳಗಾವಿಯದ್ದೇ ತಗೊಳ್ಳಿ. 1818ರಲ್ಲಿ ಕೋಟೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು, 1820ರಲ್ಲಿ ಲಂಡನ್ ಮಿಷನ್ ಬಂತು. ಎರಡಕ್ಕೂ ಸಂಬಂಧ ಇಲ್ಲ ಅಂದರೆ ಯಾರೂ ನಂಬುವುದಿಲ್ಲ.

ಹಾಗಂತ ಇದು ಬ್ರಿಟಿಷರ ಧರ್ಮವೇ ಅಂದರೆ ಅದೂ ತಪ್ಪು. ಯೆರೂಸಲೇಮು ಇರುವುದು ಏಷ್ಯಾದಲ್ಲಿ. ಕೇರಳದಲ್ಲಿ ಕ್ರಿ.ಶ. 52ರಲ್ಲಿ ತೋಮನೇ ಬಂದ ಅನ್ನುವುದು ಪರಂಪರೆಯ ಮಾತು, ಅದನ್ನು ಪರಂಪರೆ ಅಂತಲೇ ಹೇಳಿ. ಆದರೆ 6ನೇ ಶತಮಾನದ ನಡುವೆ ಕಾಸ್ಮಾಸ್ ಅನ್ನುವ ಗ್ರೀಕ್ ವರ್ತಕ ಮಲಬಾರಿನಲ್ಲಿ ಕ್ರೈಸ್ತ ಸಭೆ ಇರುವುದನ್ನು ಬರೆದಿದ್ದಾನೆ. 849ರ ಕೊಲ್ಲಂ ತಾಮ್ರಶಾಸನದಲ್ಲಿ ಅಲ್ಲಿನ ಚರ್ಚಿಗೆ ರಾಜ್ಯದ ಕಡೆಯಿಂದ ಭೂಮಿ, ಹಕ್ಕು ಕೊಟ್ಟದ್ದು ದಾಖಲಾಗಿದೆ. ಇಂಗ್ಲೆಂಡಿನ ಕ್ಯಾಂಟರ್ಬರಿಗೆ ರೋಮಿನಿಂದ ಮಿಷನರಿ ಬಂದದ್ದು 597ರಲ್ಲಿ. ಆ ಹೊತ್ತಿಗೆ ನಮ್ಮ ಪಕ್ಕದ ಕೇರಳದಲ್ಲಿ ಆರಾಧನೆ ನಡೆಯುತ್ತಲೇ ಇತ್ತು. ಈಸ್ಟ್ ಇಂಡಿಯಾ ಕಂಪನಿಯಂತೂ ವ್ಯಾಪಾರಕ್ಕೆ ತೊಂದರೆ ಆಗುತ್ತದೆ ಅಂತ 1813ರ ತನಕ ಮಿಷನರಿಗಳನ್ನು ಸುಲಭವಾಗಿ ಒಳಗೆ ಬಿಡುತ್ತಿರಲಿಲ್ಲ, ಅದಕ್ಕೇ ಇಂಗ್ಲಿಷ್ ಮಿಷನರಿ ವಿಲಿಯಂ ಕೇರಿ ಡೆನ್ಮಾರ್ಕಿನವರ ಕೈಯಲ್ಲಿದ್ದ ಬಂಗಾಳದ ಸಿರಾಂಪುರದಲ್ಲಿ ಉಳಿಯಬೇಕಾಯಿತು.

ಇಲ್ಲಿ ಒಂದು ಕೋರಿಕೆ. ಈ ಮಾತು ಬಂದ ಕೂಡಲೇ ನಮ್ಮವರು ಮಿಷನರಿ ಕಿಟೆಲರ ಕನ್ನಡ ನಿಘಂಟು, ಮೊಗ್ಲಿಂಗರ ಪತ್ರಿಕೆ, ಮಿಷನ್ ಆಸ್ಪತ್ರೆ, ಶಾಲೆ ಅಂತ ಪಟ್ಟಿ ಓದುತ್ತಾರೆ. 1894ರ ಆ ನಿಘಂಟಿನ ಬಗ್ಗೆ ನನಗೆ ಅಪಾರ ಗೌರವ ಇದೆ, ದಿನಾ ಬಳಸುತ್ತೇನೆ. ಆದರೆ ಮಾಡಿದ ಉಪಕಾರ ಎತ್ತಿ ಎದುರಿನವರ ಬಾಯಿ ಮುಚ್ಚಿಸುವುದು ಉತ್ತರ ಅಲ್ಲ. ನಿಘಂಟು ಚೆನ್ನಾಗಿದೆ ಅಂದ ಮಾತ್ರಕ್ಕೆ ನಂಬಿಕೆ ನಿಜ ಆಗುವುದಿಲ್ಲ.

ನಿಮ್ಮಜ್ಜನ ಮಾತಿಗೆ ಬರೋಣ. ಬರಗಾಲದಲ್ಲಿ, 1876ರಿಂದ 78ರ ಬರ ನಮ್ಮ ಸೀಮೆಯನ್ನು ಹಾಳುಗೆಡವಿದಾಗ, ಅನ್ನ ಕೊಟ್ಟವರ ಕಡೆ ಹೋದವರು ಇದ್ದಾರೆ. ಹೊಟ್ಟೆಗಾಗಿ ಹೋದರು ಅಂತ ಅವರನ್ನು ಹೀಯಾಳಿಸುವವರು ಆಗ ಊರಿನವರು ಏನು ಕೊಟ್ಟರು ಅಂತಲೂ ಕೇಳಿಕೊಳ್ಳಬೇಕು. ಆದರೆ ಸ್ವಾತಂತ್ರ್ಯ ಬಂದ ಮೇಲಿನ ಲೆಕ್ಕ ತೀರಾ ಬೇರೆ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂಗಳಿಗೆ ಮಾತ್ರ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದವರಿಗೆ ಅದು ಇಲ್ಲ. ಅಂದರೆ ಒಬ್ಬ ದಲಿತ ಕಾಗದದ ಮೇಲೆ ಕ್ರೈಸ್ತ ಅಂತ ಬರೆಸಿದ ದಿನವೇ ಎಸ್‌ಸಿ ಮೀಸಲಾತಿಯ ಸೀಟು, ನೌಕರಿ ಎರಡೂ ಕೈಬಿಡುತ್ತವೆ. ಸೌಲಭ್ಯದ ಆಸೆಗೆ ಸೇರುವವರು ಇಂಥ ಕಡೆ ಬರುತ್ತಾರಾ? ಇದರ ಜೊತೆಗೆ ಇನ್ನೊಂದು ಮಾತು ನಾವೇ ಹೇಳಿಬಿಡಬೇಕು. ಜಾತಿ ಬಿಟ್ಟು ಬಂದೆವು ಅನ್ನುವ ನಮ್ಮವರು ಮದುವೆ ಮಾತು ಬಂದರೆ "ಮೂಲ ಯಾವುದು" ಅಂತ ಇಂದಿಗೂ ಕೇಳುತ್ತಾರೆ. ಇದು ನಿಂತಾಗಲೇ ನಮ್ಮ ಮಾತಿಗೆ ತೂಕ ಬರುತ್ತದೆ.

ಎಲ್ಲ ದಾರಿಯೂ ಒಂದೇ ಅಲ್ವಾ ಅನ್ನುವ ಪ್ರಶ್ನೆ ಕೇಳುವವರ ಮನಸ್ಸು ಒಳ್ಳೆಯದು, ಜಗಳ ಬೇಡ ಅನ್ನುವ ಆಸೆ ಅದರಲ್ಲಿದೆ. ಆದರೆ ಹಾಗೆ ಅನ್ನುವವರು ಎಲ್ಲ ಧರ್ಮದವರು ತಾವೇ ಹೇಳಿಕೊಳ್ಳುವುದನ್ನು ಕೇಳದೆ ತೀರ್ಪು ಕೊಟ್ಟಂತಾಗುತ್ತದೆ. ಬಸವನ ಬಾಗೇವಾಡಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣನವರು 12ನೇ ಶತಮಾನದಲ್ಲಿ ಸ್ಥಾವರ ಬೇಡ, ಜಾತಿ ಬೇಡ, ಹಲವು ದೈವ ಬೇಡ ಅಂದರು. ಒಂದು ಸತ್ಯಕ್ಕೆ ಹೌದು ಅಂದವರು ಇನ್ನೊಂದಕ್ಕೆ ಇಲ್ಲ ಅನ್ನಲೇಬೇಕು, ಅದು ಯಾರಿಗೂ ಅವಮಾನ ಅಲ್ಲ. "ನಾನೇ ಮಾರ್ಗ" ಅಂದದ್ದು ನಾವಲ್ಲ, ಯೇಸು ಸ್ವಾಮಿ. ನಾವು ಉಳಿದವರಿಗಿಂತ ಮೇಲು ಅಂತ ಅದಕ್ಕೆ ಅರ್ಥ ಇಲ್ಲ. ಯಾರು ಎಲ್ಲಿಗೆ ಹೋಗುತ್ತಾರೆ ಅಂತ ತೀರ್ಪು ಹೇಳುವ ಕೆಲಸವನ್ನೂ ನಮಗೆ ಕೊಟ್ಟಿಲ್ಲ.

ಹಾಗಾದರೆ ಯೇಸುವಿನ ಮಾತನ್ನು ಯಾಕೆ ನಂಬಬೇಕು? ನಾನು ಮೊದಲೇ ಹೇಳಿದ ಮುಖ್ಯ ಪ್ರಶ್ನೆ ಇದು. ಸತ್ತ ಯೇಸು ಮೂರನೇ ದಿನ ಎದ್ದರಾ? ಎದ್ದಿಲ್ಲ ಅಂದರೆ ನಿಮ್ಮ ನಂಬಿಕೆ ವ್ಯರ್ಥ ಅಂತ ಮೊದಲ ಕಾಲದ ಬೋಧಕ ಪೌಲನೇ ಕೊರಿಂಥದ ಸಭೆಯವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಹೇಳಿದ್ದಾನೆ. ತನ್ನ ಇಡೀ ನಂಬಿಕೆಯನ್ನು ಒಂದು ಘಟನೆಗೆ ಹೀಗೆ ಕಟ್ಟಿಬಿಟ್ಟಿದ್ದಾನೆ, ಸುಳ್ಳಾದರೆ ಬಿಟ್ಟುಬಿಡಿ ಅನ್ನುವ ಹಾಗೆ. ಆ ಪತ್ರ ಸುಮಾರು ಕ್ರಿ.ಶ. 55ರದು. ಶಿಲುಬೆಯ ಘಟನೆ 30 ಅಥವಾ 33ರಲ್ಲಿ. ಅದರಲ್ಲಿ ಪೌಲ, "ನನಗೆ ಸಿಕ್ಕಿದ್ದನ್ನೇ ನಿಮಗೆ ಕೊಟ್ಟಿದ್ದೇನೆ" ಅಂತ ಹೇಳಿ ಎದ್ದು ಬಂದ ಯೇಸುವನ್ನು ಕಂಡವರ ಹೆಸರು ಹೇಳುತ್ತಾನೆ. ಪೇತ್ರ, ಹನ್ನೆರಡು ಮಂದಿ, ಐನೂರಕ್ಕೂ ಜಾಸ್ತಿ ಜನ, ಅವರಲ್ಲಿ ಬಹಳಷ್ಟು ಮಂದಿ ಇನ್ನೂ ಬದುಕಿದ್ದಾರೆ, ಆಮೇಲೆ ಯಾಕೋಬ, ಕೊನೆಗೆ ತಾನು. ಕಟ್ಟುಕಥೆ ಬೆಳೆಯಲು ಬೇಕಾದಷ್ಟು ಕಾಲ ಇಲ್ಲಿ ಇಲ್ಲ.

ಯಾಕೋಬನನ್ನೇ ನೋಡಿ. ಯೇಸುವಿನ ತಮ್ಮಂದಿರು ಅವರನ್ನು ನಂಬಿರಲಿಲ್ಲ ಅಂತ ಯೋಹಾನ 7ರಲ್ಲಿ ಬರೆದಿದೆ, ಮನೆಯವರು ಇವನಿಗೆ ಬುದ್ಧಿ ಕೆಟ್ಟಿದೆ ಅಂತ ಹಿಡಿದು ತರಲು ಹೋದದ್ದು ಮಾರ್ಕ 3ರಲ್ಲಿದೆ. ಒಡಹುಟ್ಟಿದವನನ್ನು ದೇವರು ಅಂತ ಒಪ್ಪುವುದು ಎಂಥ ಕಷ್ಟ ಅಂತ ನಮಗೆ ಗೊತ್ತಿಲ್ವಾ? ಅಂಥ ಯಾಕೋಬ ಆಮೇಲೆ ಯೆರೂಸಲೇಮಿನ ಸಭೆಗೆ ಹಿರಿಯನಾದ. ಕ್ರಿ.ಶ. 62ರಲ್ಲಿ ಕಲ್ಲೆಸೆದು ಕೊಂದರು. ಜೋಸೆಫಸ್ ಬರೆದದ್ದು ಇದನ್ನೇ. ನಡುವೆ ಏನೋ ಆಗಿರಬೇಕು. ಖಾಲಿ ಗೋರಿಯನ್ನು ಮೊದಲು ಕಂಡವರು ಹೆಂಗಸರು ಅಂತ ನಾಲ್ಕೂ ಸುವಾರ್ತೆ ಹೇಳುತ್ತವೆ. ಹೆಂಗಸರ ಸಾಕ್ಷಿಗೆ ಬೆಲೆ ಕೊಡದ ಆ ಕಾಲದಲ್ಲಿ ಕಥೆ ಕಟ್ಟುವವರು ಅವರನ್ನು ಮುಂದೆ ನಿಲ್ಲಿಸುತ್ತಿರಲಿಲ್ಲ. ಗೋರಿಯ ಹತ್ತಿರ ದೇವದೂತರು ಒಬ್ಬರೋ ಇಬ್ಬರೋ ಅನ್ನುವಂಥ ವಿವರಗಳಲ್ಲಿ ಆ ನಾಲ್ಕೂ ಹೊಂದುವುದಿಲ್ಲ, ಅದನ್ನೂ ಮುಚ್ಚಿಡಬೇಡಿ. ಇತಿಹಾಸ ನಮ್ಮನ್ನು ಇಲ್ಲಿಯ ತನಕ ಕರೆತರುತ್ತದೆ. ಶಿಷ್ಯರು ಯೇಸುವನ್ನು ಕಂಡೆವು ಅಂತ ಪ್ರಾಣ ಕೊಡುವಷ್ಟು ನಂಬಿದ್ದರು ಅನ್ನುವ ತನಕ. ಅಲ್ಲಿಂದ ಮುಂದಿನ ಹೆಜ್ಜೆ ನಂಬಿಕೆಯದ್ದು. ನಾನು ಆ ಹೆಜ್ಜೆ ಇಟ್ಟಿದ್ದೇನೆ, ಕಣ್ಣು ಮುಚ್ಚಿಕೊಂಡು ಅಲ್ಲ. ಗೆಳತಿಯರ ಜೊತೆ ಮಾತಾಡುವುದಾದರೆ ಹತ್ತು ಪ್ರಶ್ನೆ ಬಿಟ್ಟು ಈ ಒಂದರ ಮೇಲೆ ಮಾತಾಡಿ, ಮಾರ್ಕನ ಸುವಾರ್ತೆ ಒಟ್ಟಿಗೆ ಓದಿ. ಚಿಕ್ಕದು, ಒಂದೇ ರಾತ್ರಿ ಮುಗಿಯುತ್ತದೆ.

ಕೊನೆಗೆ ವಾರ್ಡಿನ ಮಕ್ಕಳ ವಿಷಯ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿದಾಗ ನಿಮ್ಮ ಕಡೆಯ ಊರುಗಳು ಹೇಗಿದ್ದವು ಅಂತ ನಿಮಗೆ ನೆನಪಿರಬೇಕು. ನೀರು ಇಳಿದ ಮೇಲೆ ನಮ್ಮ ಸಭೆಯವರು ಹೋಗಿದ್ದೆವು. ಒಬ್ಬ ಅಜ್ಜಿ, ಗೋಡೆ ಬಿದ್ದ ಮನೆ ಮುಂದೆ, ನೆಂದು ಮೊಳಕೆ ಒಡೆದ ಜೋಳದ ಚೀಲ ಬಿಚ್ಚಿಕೊಂಡು ಕೂತಿದ್ದಳು. ನನ್ನ ಕೊರಳಿನ ಶಿಲುಬೆ ನೋಡಿ "ನಿಮ್ಮ ದೇವ್ರು ಆ ದಿನ ಎಲ್ಲಿ ಹೋಗಿದ್ನೋ ಯಪ್ಪಾ" ಅಂದಳು. ನಾನು ಏನೂ ಹೇಳಲಿಲ್ಲ. ಚೀಲದ ಇನ್ನೊಂದು ತುದಿ ಹಿಡಿದೆ, ಇಬ್ಬರೂ ಸೇರಿ ಜೋಳ ಹೊರಗೆ ಸುರಿದೆವು. ಆಕೆಗೆ ಆ ಹೊತ್ತು ಉತ್ತರ ಬೇಕಿರಲಿಲ್ಲ.

ನಿಮಗೆ ಬೇಕಾಗಿದೆ, ಅದಕ್ಕೆ ಹೇಳುತ್ತೇನೆ. ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತದ್ದನ್ನು ಲೂಕ 13ರಲ್ಲಿ ಯೇಸು ಸ್ವಾಮಿಯೇ ಎತ್ತುತ್ತಾರೆ. ಅವರು ಉಳಿದವರಿಗಿಂತ ಪಾಪಿಗಳಾಗಿದ್ದರು ಅಂತ ತಿಳಿಯುತ್ತೀರೋ, ಹಾಗಲ್ಲ ಅನ್ನುತ್ತಾರೆ. ಹುಟ್ಟು ಕುರುಡನನ್ನು ತೋರಿಸಿ ಇವನ ಪಾಪವೋ ತಂದೆತಾಯಿಯ ಪಾಪವೋ ಅಂದಾಗಲೂ ಎರಡೂ ಅಲ್ಲ ಅಂದರು. ಹಾಗಾಗಿ ಮಗು ಕಳೆದುಕೊಂಡ ತಾಯಿಗೆ "ನಿನ್ನ ನಂಬಿಕೆ ಕಡಿಮೆ ಆಯ್ತು, ಅದಕ್ಕೇ ವಾಸಿ ಆಗಲಿಲ್ಲ" ಅನ್ನುವವರು, ಅವರು ಎಂಥ ದೊಡ್ಡ ಪಾಸ್ಟರೇ ಆಗಿರಲಿ, ಯೇಸು ಸ್ವಾಮಿಗೆ ವಿರುದ್ಧ ಮಾತಾಡುತ್ತಿದ್ದಾರೆ. ಇಷ್ಟೊಂದು ನೋವು ಯಾಕೆ ಅನ್ನುವುದಕ್ಕೆ ಬೈಬಲ್ ಪೂರ್ತಿ ಕಾರಣ ಕೊಡುವುದಿಲ್ಲ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನೂ ಕೇಳಿ ಕೇಳಿ ಸೋತ. ನಮ್ಮಲ್ಲಿರುವುದು ಬೇರೆ. ಗೆಳೆಯ ಲಾಜರನ ಗೋರಿಯ ಮುಂದೆ ಅತ್ತ ದೇವರು, ಶಿಲುಬೆಯ ಮೇಲೆ "ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ" ಅಂತ ಕೂಗಿದ ದೇವರು. ಅವರು ಎದ್ದರು ಅನ್ನುವುದು ನಿಜವಾದರೆ ಆ ಮಕ್ಕಳ ಕಥೆ ವಾರ್ಡಿನಲ್ಲಿ ಮುಗಿದಿಲ್ಲ. ಅದಕ್ಕೇ ಆ ಒಂದು ಪ್ರಶ್ನೆಯನ್ನು ಅಷ್ಟು ಹಿಡಿದುಕೊಂಡೆ.

ಇನ್ನು ರೋಗಿಗಳು ಕೇಳಿದರೆ ಹೇಳಬಹುದಾ ಅಂದಿರಿ. ಸಂವಿಧಾನದ 25ನೇ ವಿಧಿ ನಿಮ್ಮ ನಂಬಿಕೆ ಆಚರಿಸುವ, ಹೇಳಿಕೊಳ್ಳುವ ಹಕ್ಕು ಕೊಡುತ್ತದೆ. ಅದು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದೆ. ಆದರೆ ನಾನು ಕಾನೂನಿಗಿಂತ ಬೇರೆ ಕಾರಣಕ್ಕೆ ಬೇಡ ಅನ್ನುತ್ತೇನೆ. ಹಾಸಿಗೆಯಲ್ಲಿ ಮಲಗಿದವರು ನಿಮ್ಮ ಕೈಯಲ್ಲಿರುತ್ತಾರೆ, ಇಂಜೆಕ್ಷನ್ ಕೊಡುವವರು ನೀವು, ಬೇಡ ಅನ್ನುವ ಧೈರ್ಯ ಅವರಿಗೆ ಇರುವುದಿಲ್ಲ. ಶಿಲುಬೆ ಯಾಕೆ ಹಾಕಿಕೊಂಡಿದ್ದೀರಿ ಅಂದರೆ "ನಾನು ಕ್ರೈಸ್ತಳ್ರೀ" ಅನ್ನಿ, ಅಷ್ಟೇ ಸಾಕು. ನನಗಾಗಿ ಪ್ರಾರ್ಥನೆ ಮಾಡಿ ಅಂತ ಅವರೇ ಬಾಯಿಬಿಟ್ಟು ಕೇಳಿದರೆ ಹೂಂ ಅನ್ನಿ, ಡ್ಯೂಟಿ ಮುಗಿಸಿ ರೂಮಿಗೆ ಹೋಗಿ ಮಾಡಿ. ಡಿಸ್ಚಾರ್ಜ್ ಆಗಿ ಮನೆಗೆ ಹೋದ ಮೇಲೆ ಅವರಾಗಿಯೇ ಬಂದು ಕೇಳಿದರೆ ಆಗ ಕೂತು ಮಾತಾಡಿ.